ಶೆಡ್ಡಿನ ಮೂಲೆಯ ರಟ್ಟಿನ ಪೆಟ್ಟಿಗೆ

ಕಾರು ಮಾರಿಬಿಟ್ಟೆ. ಮಾಜ್ದಾ ಆರ್‌ಎಕ್ಸ್-7, ಎಫ್‌ಡಿ ಅಂತ ಕರೆಯುವ ಮೂರನೇ ತಲೆಮಾರಿನ ಜಪಾನಿ ಸ್ಪೋರ್ಟ್ಸ್ ಕಾರು. ಡೀಲರ್ ಇಲ್ಲ, ದಲ್ಲಾಳಿ ಇಲ್ಲ. ನಾನೇ ಫೋಟೋ ತೆಗೆದು, ನಾನೇ ಜಾಹೀರಾತು ಬರೆದು, ನಾನೇ ಫೋನ್ ಎತ್ತಿ ಮಾರಿದ್ದು. ಮೂರು ತಿಂಗಳು ಹಿಡಿಯಿತು. ಅದರಲ್ಲಿ ಎರಡು ತಿಂಗಳು ನನ್ನ ದಡ್ಡತನದ ಲೆಕ್ಕಕ್ಕೇ ಹೋಯಿತು.

ಮಾಡಿದ್ದಿಷ್ಟೇ: ಹಳೇ ರಸೀದಿಗಳನ್ನೆಲ್ಲ ಹರವಿಕೊಂಡು ಕೂತು ಕೂಡಿಸಿದೆ. ನಾನು ಹಾಕಿಸಿದ್ದೆಲ್ಲ: ಎಂಜಿನ್‌ಗೆ ಹೆಚ್ಚು ಗಾಳಿ ಒತ್ತಿ ಶಕ್ತಿ ಏರಿಸುವ ದೊಡ್ಡ ಟರ್ಬೊ, ಕಾಯಿಲ್‌ಓವರ್ ಸಸ್ಪೆನ್ಷನ್, ಚಕ್ರ, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಅಂದರೆ ಹೊಸ ಇಸಿಯು, ಟ್ಯೂನಿಂಗ್. ಬಂದ ಮೊತ್ತವನ್ನು ಕಾರಿನ ಬೆಲೆಗೆ ಸೇರಿಸಿ ಜಾಹೀರಾತು ಹಾಕಿದೆ. ಫೋನ್‌ಗೇನೂ ಬರ ಇರಲಿಲ್ಲ. 'ಲಾಸ್ಟ್ ಪ್ರೈಸ್ ಎಷ್ಟು ಬ್ರೋ' ಅನ್ನುವವರು, ಬೈಕ್ ಕೊಡ್ತೀನಿ ಬದಲಿಗೆ ತಗೊಳ್ಳಿ ಅನ್ನುವವರು, ಒಂದು ರೌಂಡ್ ಹೊಡೆದು ಫೋಟೋ ತೆಗೆಸಿಕೊಂಡು ಹೋಗಲಿಕ್ಕೆಂದೇ ಬಂದವರು. ಕೊಳ್ಳುವವರೊಬ್ಬರನ್ನು ಬಿಟ್ಟು ಮಿಕ್ಕವರೆಲ್ಲ ಬಂದರು.

ಕೊನೆಗೊಬ್ಬ ಹುಡುಗ ಬಂದ. ಬಾನೆಟ್ ಎತ್ತಿ ಎರಡು ನಿಮಿಷ ಸುಮ್ಮನೆ ನೋಡಿ, "ಸರ್, ಇದರ ಒರಿಜಿನಲ್ ಟರ್ಬೊ ಜೋಡಿ ಇಟ್ಟಿದ್ದೀರಾ?" ಅಂದ. ದೊಡ್ಡದು ಹಾಕಿಸುವಾಗ ಬಿಚ್ಚಿದ ಆ ಜೋಡಿ ಶೆಡ್ಡಿನ ಮೂಲೆಯಲ್ಲಿ ರಟ್ಟಿನ ಪೆಟ್ಟಿಗೆಯಲ್ಲಿ ಕೂತಿತ್ತು. ನಾಲ್ಕು ವರ್ಷದಿಂದ ಕಸ ಅಂತ ಮನೆಯವರಿಂದ ಬೈಸಿಕೊಂಡ ಪೆಟ್ಟಿಗೆ. ಅದನ್ನು ತಂದು ಮುಂದಿಟ್ಟಾಗ ಅವನ ಮುಖ ಅರಳಿದ್ದು ನೋಡಬೇಕಿತ್ತು. ನಾನು ಹೆಮ್ಮೆಯಿಂದ ತೋರಿಸಿದ ಚಕ್ರಗಳ ಕಡೆ ಅವನು ತಿರುಗಿಯೂ ನೋಡಿರಲಿಲ್ಲ.

ನನ್ನ ಗಾಡಿಯ ಕಾಲದ ಜಪಾನಿ ಕಾರುಗಳು ಕೈಯಾಡಿಸು ಅಂತ ಕರೆಯುವಂಥವೇ. 1989ರಿಂದ 2004ರವರೆಗೆ ಅಲ್ಲಿನ ಕಂಪನಿಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಕಾಗದದ ಮೇಲೆ ಎಂಜಿನ್ನಿನ ಶಕ್ತಿಯನ್ನು 280 ಪಿಎಸ್ (ಮೆಟ್ರಿಕ್ ಅಶ್ವಶಕ್ತಿ) ದಾಟಿಸುತ್ತಿರಲಿಲ್ಲ. ಟೊಯೊಟಾ ಸುಪ್ರಾದ 2ಜೆಝಡ್, ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್‌ನ ಆರ್‌ಬಿ26, ಎರಡೂ ಎಂಜಿನ್‌ಗಳಿಗೆ ಎರಕದ ಕಬ್ಬಿಣದ ಬ್ಲಾಕ್. ಕಾಗದದಲ್ಲಿ ಬರೆದದ್ದಕ್ಕಿಂತ ಎಷ್ಟೋ ಹೆಚ್ಚು ಶಕ್ತಿಯನ್ನು ತಡೆಯುತ್ತಿದ್ದವು. ಹಾಗಾಗಿ ಕೊಂಡವರೆಲ್ಲ ಕೈಯಾಡಿಸಿದರು. ಪರಿಣಾಮ ಏನಾಯಿತೆಂದರೆ, ಇವತ್ತು ಕೈಯಾಡಿಸದೆ ಉಳಿದ ಗಾಡಿಗೇ ಹೆಚ್ಚು ಬೆಲೆ. ನನ್ನ ಟರ್ಬೊ ನನ್ನ ಶೋಕಿ. ಅದರ ಸುಖ ನಾನು ಉಂಡಾಗಿದೆ. ಉಂಡ ಊಟದ ದುಡ್ಡನ್ನು ಇನ್ನೊಬ್ಬನ ಹತ್ತಿರ ಕೇಳುವುದು ಯಾವ ನ್ಯಾಯ?

ಆ ಹುಡುಗ ಹೋದ ರಾತ್ರಿಯೇ ಜಾಹೀರಾತು ಅಳಿಸಿ ಹೊಸದಾಗಿ ಬರೆದೆ. ಈ ಸಲ ಮೊದಲು ಹುಳುಕು. ಎಡಗಡೆ ಹಿಂದಿನ ಚಕ್ರದ ಕಮಾನಿನ ಒಳಗೆ ತುಕ್ಕು, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದದ್ದು, ಮಳೆಯಲ್ಲಿ ಸೋರುವ ಬಾಗಿಲ ಬೀಡಿಂಗ್. ಆಮೇಲೆ ಕಂಪ್ರೆಷನ್ ಪರೀಕ್ಷೆಯ ಚೀಟಿ, ಅಂದರೆ ಎಂಜಿನ್ನಿನ ಒಳಗೆ ಒತ್ತಡ ಎಷ್ಟು ನಿಲ್ಲುತ್ತದೆ ಅಂತ ಅಳೆದದ್ದು.

ಈ ಚೀಟಿಯ ಬಗ್ಗೆ ಸ್ವಲ್ಪ ಹೇಳಲೇಬೇಕು. ನನ್ನ ಕಾರಿನದು ರೋಟರಿ ಎಂಜಿನ್. ಅದಕ್ಕೆ ಪಿಸ್ಟನ್ ಇಲ್ಲ; ಒಳಗೆ ತಿರುಗುವ, ಮೂರು ಮುಖದ ಎರಡು ರೋಟರ್. ಮಾಮೂಲಿ ಗೇಜ್ ಹಾಕಿದರೆ ಒಂದು ರೋಟರ್‌ನ ಮೂರು ಮುಖಗಳಲ್ಲಿ ಹೆಚ್ಚಿನದು ಮಾತ್ರ ಕಾಣುತ್ತದೆ, ಸೋತ ಮುಖ ಅದರ ಹಿಂದೆ ಅಡಗಿಕೊಳ್ಳುತ್ತದೆ. ಅದಕ್ಕೆಂದೇ ಇರುವ ಟೆಸ್ಟರ್‌ನಲ್ಲಿ, ಎಂಜಿನ್ ಬಿಸಿಯಿದ್ದಾಗ ಅಳೆದು, ನಿಮಿಷಕ್ಕೆ 250 ಸುತ್ತಿನ ಲೆಕ್ಕಕ್ಕೆ ಹೊಂದಿಸಿ, ಆರೂ ಮುಖಗಳ ಅಂಕಿ ಬರೆಸಬೇಕು. ನನ್ನದರಲ್ಲಿ ಹಿಂದಿನ ರೋಟರ್‌ನ ಒಂದು ಅಂಕಿ ಉಳಿದವಕ್ಕಿಂತ ಸ್ವಲ್ಪ ಕಡಿಮೆ ಇತ್ತು. ಅದನ್ನೂ ಹಾಕಿದೆ. ಮುಚ್ಚಿಡಬಹುದಿತ್ತು ಅಂದರು ಗೆಳೆಯರು. ಮುಚ್ಚಿಟ್ಟು ಏನು ಮಾಡಲಿ? ಎಪೆಕ್ಸ್ ಸೀಲ್, ಅಂದರೆ ರೋಟರ್‌ನ ತುದಿಯಲ್ಲಿ ಒತ್ತಡ ಸೋರದಂತೆ ತಡೆಯುವ ಪಟ್ಟಿ, ಸವೆದ ರೋಟರಿ, ಬಿಸಿಯಿದ್ದಾಗ ಆರಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಹತ್ತಿಕೊಳ್ಳಲು ತಕರಾರು ಮಾಡಿ ತಾನಾಗಿಯೇ ಬಾಯಿಬಿಡುತ್ತದೆ. ತಿಳಿದವನು ಮೊದಲು ಮಾಡುವ ಪರೀಕ್ಷೆಯೇ ಅದು.

ಟ್ಯೂನಿಂಗ್ ಮ್ಯಾಪ್, ಅಂದರೆ ಇಸಿಯುಗೆ ತುಂಬಿದ ಇಂಧನ-ಕಿಡಿಗಳ ಲೆಕ್ಕ, ಅದರ ವಿಷಯದಲ್ಲಂತೂ ಬಾಯಿ ಮುಚ್ಚಿಕೊಂಡಿರುವುದು ಪಾಪ. ಹೆಚ್ಚು ಆಕ್ಟೇನ್ ಪೆಟ್ರೋಲ್‌ಗೆ ಹೊಂದಿಸಿದ ಮ್ಯಾಪಿನ ಮೇಲೆ ಕೊಂಡವನು ಕಡಿಮೆಯದು ತುಂಬಿಸಿ ಬೂಸ್ಟ್ (ಟರ್ಬೊ ಒತ್ತುವ ಗಾಳಿಯ ಒತ್ತಡ) ಏರಿಸಿದರೆ ಎಂಜಿನ್ ನಾಕ್ ಆಗುತ್ತದೆ, ಅಂದರೆ ಪೆಟ್ರೋಲ್ ಹೊತ್ತು ತಪ್ಪಿ ಸಿಡಿಯುತ್ತದೆ, ಸೀಲ್ ಮುರಿಯುತ್ತದೆ. ಫೈಲು, ಪಾಸ್‌ವರ್ಡ್, ಶಕ್ತಿ ಅಳೆಯುವ ಡೈನೊ ಯಂತ್ರದ ಚೀಟಿ, ಎಷ್ಟು ಬೂಸ್ಟ್‌ಗೆ ಟ್ಯೂನ್ ಮಾಡಿದ್ದು ಎನ್ನುವ ಟಿಪ್ಪಣಿ, ಎಲ್ಲ ಗಾಡಿಯ ಜೊತೆ ಹೋಗಲೇಬೇಕು. ಎಣ್ಣೆ ಕುಡಿಯುವುದು ಈ ಎಂಜಿನ್ನಿನ ಹುಟ್ಟುಗುಣ ಅಂತಲೂ ಬರೆದುಕೊಟ್ಟೆ, ಆಮೇಲೆ ಗಾಬರಿಯಾಗದಿರಲಿ ಅಂತ.

ಟೆಸ್ಟ್ ಡ್ರೈವ್‌ಗೆ ಒಂದೇ ನಿಯಮ ಇಟ್ಟುಕೊಂಡೆ. ಮೊದಲು ನಾನು ಓಡಿಸುತ್ತೇನೆ, ನೀವು ಪಕ್ಕದಲ್ಲಿ. ಬೆಲೆ ಕುದುರಿ, ಲೈಸೆನ್ಸ್, ವಿಮೆ ನೋಡಿದ ಮೇಲೆಯೇ ಸ್ಟೀರಿಂಗ್ ನಿಮ್ಮ ಕೈಗೆ. ಅರ್ಧ ಜನ ಇಲ್ಲೇ ಉದುರಿದರು. ಒಳ್ಳೆಯದೇ ಆಯಿತು.

ಹುಡುಗ ಮತ್ತೆ ಬಂದ. ನಾನು ಮೊದಲು ಹಾಕಿದ್ದ ಬೆಲೆಗಿಂತ ಬಹಳ ಕಡಿಮೆಗೆ, ಆದರೆ ಚೌಕಾಸಿಯೇ ಇಲ್ಲದೆ ವ್ಯವಹಾರ ಮುಗಿಯಿತು. ಪೆಟ್ಟಿಗೆಯನ್ನು ಮಗುವಿನ ಹಾಗೆ ಪಕ್ಕದ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿಕೊಂಡು ಹೋದ.

ಎರಡು ವಾರ ಬಿಟ್ಟು ಫೋನ್ ಮಾಡಿದ. "ಸರ್, ಹಳೇ ಜೋಡಿ ವಾಪಸ್ ಹಾಕಿಸಿದೆ. ನಿಮ್ಮ ದೊಡ್ಡ ಟರ್ಬೊ ಮಾರ್ತಿದ್ದೀನಿ. ನಿಮಗೇನಾದರೂ ಬೇಕಾ?"

ಒಂದು ಕ್ಷಣ ಸುಮ್ಮನಿದ್ದು ಕೇಳಿದೆ. ಲಾಸ್ಟ್ ಪ್ರೈಸ್ ಎಷ್ಟು ಬ್ರೋ?