ಹಿಂದೆ ಬಟ್ಟೆ ಇಲ್ಲದ ಪ್ಯಾಂಟು

ಕೊರಿಯರ್ ಹುಡುಗ ನಮ್ಮ ಮನೆವರೆಗೆ ಬರುವುದಿಲ್ಲ. ಮೇನ್ ರೋಡಿನ ಅಂಗಡಿಯಲ್ಲಿಟ್ಟು ಫೋನ್ ಮಾಡುತ್ತಾನೆ. ಅಂಗಡಿಯವರು ಪಾರ್ಸೆಲ್ಲನ್ನು ಒತ್ತಿ, ಅಲ್ಲಾಡಿಸಿ, ಕೈಯಲ್ಲೇ ತೂಗಿ ಒಳಗೆ ಏನಿದೆ ಅಂತ ಹೇಳಿಬಿಡುತ್ತಾರೆ. ಇಷ್ಟು ವರ್ಷದಲ್ಲಿ ಅವರು ತಪ್ಪಿದ್ದನ್ನು ನಾನು ಕಂಡಿಲ್ಲ. ಆ ದಿನ ಮಾತ್ರ ಸೋತರು. "ಹಾಸಿಗೆಯೂ ಅಲ್ಲ, ಬಟ್ಟೆಯೂ ಅಲ್ಲ. ಎಂತ ಗೌಡ್ರೆ ಇದು?" ಎಂದರು. "ಪ್ಯಾಂಟು" ಅಂದೆ. ನಂಬಲಿಲ್ಲ.

ಮನೆಗೆ ತಂದು ಬಿಚ್ಚಿದಾಗ ಹೆಂಡತಿಯೂ ನಂಬಲಿಲ್ಲ. ಕಿತ್ತಳೆ ಬಣ್ಣ. ರಜಾಯಿಯಷ್ಟು ದಪ್ಪ. ಮುಂದೆ ಸೊಂಟದಿಂದ ಪಾದದವರೆಗೆ ಎರಡು ಕಾಲು. ಹಿಂದೆ ಏನೂ ಇಲ್ಲ. ಒಂದಷ್ಟು ಬೆಲ್ಟು, ಬಕ್ಕಲ್ಲು, ಅಷ್ಟೇ. ಅವಳು ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಹಿಂದಿನ ಭಾಗ ಬೇರೆ ಪಾರ್ಸೆಲ್ಲಲ್ಲಿ ಬರುತ್ತಾ?" ಎಂದು ಕೇಳಿದಳು.

ಇದರ ಹೆಸರು ಚ್ಯಾಪ್ಸ್. ಚೈನ್ ಸಾದಲ್ಲಿ ಮರ ಕೊಯ್ಯುವಾಗ ಪ್ಯಾಂಟಿನ ಮೇಲೆ ಕಟ್ಟಿಕೊಳ್ಳುವ ಕಾಲಿನ ಕಾಪು. ಅಮ್ಮನ ಕಿವಿಗೆ ಅದು 'ಚಾಪೆ' ಅಂತ ಬಿತ್ತು. "ಆನ್‌ಲೈನಲ್ಲಿ ಚಾಪೆ ತರಿಸ್ತಾರನಾ? ಮೊನ್ನೆ ಸಂತೆಗೆ ಹೋಗಿದ್ದೆಯಲ್ಲ, ಅಲ್ಲೇ ಇತ್ತು" ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಅದು ಚಾಪೆಯೇ. ಬೆಲೆ ಮಾತ್ರ ಯಾರಿಗೂ ಹೇಳಲಿಲ್ಲ. ಆ ವರ್ಷದ ರೇಟಿನಲ್ಲಿ ಹೆಚ್ಚೂಕಮ್ಮಿ ಒಂದು ಮೂಟೆ ಚೆರಿ ಕಾಫಿ.

ಚಾಪೆ ತರಿಸಲು ಕಾರಣ ನಮ್ಮ ಮರ ಕೊಯ್ಯುವ ಮೇಸ್ತ್ರಿ. ಕೊಪ್ಪ, ಶೃಂಗೇರಿ ಕಡೆ ತೋಟ ಇದ್ದವರಿಗೆ ಗೊತ್ತು. ಆಷಾಢದ ಗಾಳಿಗೆ ಒಂದೆರಡಾದರೂ ಮರ ಮಲಗುತ್ತವೆ. ಅವು ತೋಟದ ಮೂಲೆಯಲ್ಲಿ ಸುಮ್ನೆ ಬೀಳುವುದಿಲ್ಲ. ಕರೆಂಟ್ ಲೈನಿನ ಮೇಲೆ, ಇಲ್ಲವೇ ದಾರಿಗೆ ಅಡ್ಡ, ಇಲ್ಲವೇ ಒಳ್ಳೆಯ ಫಸಲು ಹಿಡಿದ ಕಾಫಿ ಗಿಡದ ಮೇಲೇ ಬೀಳಬೇಕು. ಆಗ ಊರಿಗೆಲ್ಲ ಒಬ್ಬರೇ ಮೇಸ್ತ್ರಿ. ಅವರಿಗೆ ಫೋನ್ ಸಿಗುವುದು ನಮ್ಮ ಗುಡ್ಡದಲ್ಲಿ ನೆಟ್‌ವರ್ಕ್ ಸಿಕ್ಕಿದಷ್ಟೇ ಅಪರೂಪ. ಹಾಗಾಗಿ ನಾನೇ ಒಂದು ಮಿಷನ್ ತಗೊಂಡೆ. ಲೀಟರ್ ಪೆಟ್ರೋಲಿಗೆ 20 ಎಂಎಲ್ ಟೂ ಸ್ಟ್ರೋಕ್ ಆಯಿಲ್ ಬೆರೆಸುವುದನ್ನೂ ಕಲಿತೆ. ಒಂದೇ ಒಂದು ಸಲ ಬೆರೆಸಲು ಮರೆತೆ. ಅದು ಬೇರೆ ಕತೆ, ಅದರಲ್ಲಿ ಪಿಸ್ಟನ್ ಸಾಯುತ್ತದೆ.

ಮೇಸ್ತ್ರಿಯ ಎಡತೊಡೆಯ ಮೇಲೆ ಒಂದು ಗುರುತಿದೆ. ಗೇಣುದ್ದದ ಗೆರೆ, ಅದರ ಎರಡೂ ಕಡೆ ಹೊಲಿಗೆಯ ಚುಕ್ಕಿ. ಮದುವೆ ಮನೆಯಲ್ಲಿ ಪರಿಚಯವಾದವರಿಗೂ ಪಂಚೆ ಸರಿಸಿ ತೋರಿಸುತ್ತಾರೆ. "ಎಡಗಾಲೇ ಯಾಕೆ?" ಅಂತ ನಾನೊಮ್ಮೆ ಕೇಳಿದೆ. ಅವರು ಮಿಷನ್ ಎತ್ತಿ ಹಿಡಿದು ತೋರಿಸಿದರು. ಬಲಗೈ ಹಿಂದೆ ಎಕ್ಸಿಲೇಟರಿನ ಮೇಲೆ, ಎಡಗೈ ಮುಂದಿನ ಹಿಡಿಯ ಮೇಲೆ. ಕೊಂಬೆ ತುಂಡಾಗುವವರೆಗೆ ಮಿಷನ್ನಿನ ಭಾರವನ್ನು ಕೊಂಬೆ ಹೊತ್ತಿರುತ್ತದೆ. ತುಂಡಾದ ಕೂಡಲೇ ಆ ಭಾರ ಕೆಳಗಿಳಿದು ಬರುವುದು ಎಡತೊಡೆಯ ಕಡೆಗೆ. ಬೆರಳು ಬಿಟ್ಟರೂ ಚೈನ್ ಆ ಕ್ಷಣಕ್ಕೇ ನಿಲ್ಲುವುದಿಲ್ಲ, ಫ್ಯಾನಿನ ಹಾಗೆ ಇನ್ನೊಂದಿಷ್ಟು ತಿರುಗುತ್ತದೆ. ಆ 'ಇನ್ನೊಂದಿಷ್ಟು' ಮೇಸ್ತ್ರಿಯ ತೊಡೆಯ ಮೇಲೆ ಗೇಣುದ್ದ ಇದೆ.

ಆವತ್ತು ಮನೆಗೆ ಬಂದು ನನ್ನ ಎಡತೊಡೆಯನ್ನು ನೋಡಿಕೊಂಡೆ. ಇದುವರೆಗೆ ಅದರ ಬಗ್ಗೆ ನನಗೆ ವಿಶೇಷ ಪ್ರೀತಿಯೇನೂ ಇರಲಿಲ್ಲ. ವೀಡ್ ಕಟರ್ ತಗೊಂಡಾಗ ಅಂಗಡಿಯವರು ಫ್ರೀಯಾಗಿ ಕೊಟ್ಟ ಪ್ಲಾಸ್ಟಿಕ್ ಗಾರ್ಡು ಮನೆಯಲ್ಲಿತ್ತು. ಅದು ಮೊಣಕಾಲಿಗಿಂತ ಕೆಳಗೆ. ಕಲ್ಲು ಸಿಡಿದರೆ ತಡೆಯಲು ಸರಿ. ಮಗನ ಕ್ರಿಕೆಟ್ ಪ್ಯಾಡನ್ನೂ ಕಟ್ಟಿ ನೋಡಿದೆ. ಅದೂ ಮೊಣಕಾಲು ದಾಟಿ ನಾಲ್ಕು ಬೆರಳು ಬಂದು ನಿಂತಿತು. ಮೇಸ್ತ್ರಿಯ ಗೆರೆ ಶುರುವಾಗುವುದೇ ಅಲ್ಲಿಂದ.

ಚಾಪೆ ಬಂದಮೇಲೆ ಅಮ್ಮ ಅದನ್ನು ಹಿಚುಕಿ ನೋಡಿ, "ಒಳಗೆ ತಗಡು ಇದೆಯನಾ?" ಅಂದಳು. ಇಲ್ಲ. "ಮತ್ತೆ ಮರ ಕೊಯ್ಯೋದು ಬಟ್ಟೆ ಕೊಯ್ಯಲ್ವಾ?" ಪ್ರಶ್ನೆ ಸರಿಯಾಗೇ ಇತ್ತು. ಕೊಯ್ಯುತ್ತದೆ. ಕೊಯ್ಯಲಿ ಅಂತಲೇ ಇರುವುದು ಅದು. ಮೇಲಿನ ಬಟ್ಟೆ ಹರಿದ ಕೂಡಲೇ ಒಳಗೆ ಸಡಿಲವಾಗಿ ಜೋಡಿಸಿಟ್ಟ ಉದ್ದುದ್ದ ನೂಲಿನ ಪದರಗಳು ಚೈನಿನ ಹಲ್ಲಿಗೆ ಸಿಕ್ಕಿಕೊಳ್ಳುತ್ತವೆ. ಚೈನ್ ಅವನ್ನು ಎಳೆದುಕೊಂಡು ಹೋಗಿ ತನ್ನದೇ ಹಲ್ಲುಗಾಲಿಗೆ ಸುತ್ತಿಕೊಳ್ಳುತ್ತದೆ. ಬೈಕಿನ ಚಕ್ರಕ್ಕೆ ಸೆರಗು ಸಿಕ್ಕಿದ ಹಾಗೆ. ಮಿಷನ್ ಉಸಿರುಕಟ್ಟಿ ನಿಲ್ಲುತ್ತದೆ. ತಡೆಯುವ ಗೋಡೆ ಅಲ್ಲ ಇದು, ಕಾಲಿಗೆ ತೊಡರುವ ಬಳ್ಳಿ.

ಇದನ್ನು ಮೇಸ್ತ್ರಿಗೆ ವಿವರಿಸಿದೆ. ಅವರು ಬೀಡಿ ಹಚ್ಚಿ, "ಅದಕ್ಕೇ ನಾನು ಪಂಚೆ ಉಡೋದು ಗೌಡ್ರೆ. ಪಂಚೆ ಸಡಿಲ ಇರ್ತದೆ. ಮಿಷನ್ ಮೊದಲು ಪಂಚೆ ಎಳ್ಕೊಳ್ತದೆ. ಅಷ್ಟರಲ್ಲಿ ಕಾಲು ಸರಿಸ್ಬೋದು" ಅಂದರು. ಅವರ ಮಾತಿನಲ್ಲಿ ಒಂದೆಳೆ ಸತ್ಯ ಇತ್ತು. ತೊಂದರೆ ಏನೆಂದರೆ, ಒಂದೇ ಎಳೆ. ಹತ್ತಿಯ ಪಂಚೆ ಆ ಚೈನಿಗೆ ಹಪ್ಪಳ. ಚಾಪೆಯ ಮೇಲಿನ ಲೇಬಲ್ ಪ್ರಕಾರ ನನ್ನದು ಕ್ಲಾಸ್ 1. ಅಂದರೆ ಸೆಕೆಂಡಿಗೆ 20 ಮೀಟರ್ ಓಡುವ ಚೈನನ್ನು ನಿಲ್ಲಿಸುತ್ತದೆ ಅಂತ ಪರೀಕ್ಷೆ ಮಾಡಿದ್ದು. ಗಂಟೆಗೆ 72 ಕಿಲೋಮೀಟರ್ ಆಯಿತು. ನಮ್ಮೂರಿನ ಬಸ್ಸು ಹುಟ್ಟಿದಾಗಿನಿಂದ ಆ ಸ್ಪೀಡು ನೋಡಿಲ್ಲ. ಕ್ಲಾಸ್ 2 ಅಂದರೆ 24 ಮೀಟರ್, ಕ್ಲಾಸ್ 3 ಅಂದರೆ 28. ಪೂರ್ತಿ ರೇಸ್ ಕೊಟ್ಟ ದೊಡ್ಡ ಮಿಷನ್ 20 ದಾಟುವುದುಂಟು. ಬ್ಯಾಟರಿ ಮಿಷನ್ನಾದರೆ ಮೋಟರಿನ ಎಳೆತ ಬೇರೆ ಥರದ್ದು, ನೂಲು ಸಿಕ್ಕಿದರೂ ಪೆಟ್ರೋಲ್ ಮಿಷನ್ನಿನಷ್ಟು ಸುಲಭಕ್ಕೆ ನಿಲ್ಲುವುದಿಲ್ಲ. ಚಾಪೆ ಕಟ್ಟಿದ್ದೇನಲ್ಲ ಅಂತ ತೊಡೆಯ ಮೇಲೆ ಇಟ್ಟು ನೋಡುವಂತಿಲ್ಲ ಅಂತ ಅರ್ಥ.

"ಮಿಷನಿಗೆ ಮರದ ಮೇಲೆ ಆಸೆ ಗೌಡ್ರೆ, ಮನುಷ್ಯನ ಮೇಲೆ ಅಲ್ಲ" ಅಂತ ಮೇಸ್ತ್ರಿ ಮಾತು ಮುಗಿಸಿದರು. ಇಲ್ಲಿ ಮಾತ್ರ ಅವರು ಪೂರ್ತಿ ತಪ್ಪು. ಹಲ್ಲಿನ ಸರಪಳಿ ಮೊದಲು ಕೊಯ್ದದ್ದು ಮನುಷ್ಯನನ್ನೇ. 18ನೇ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ಜಾನ್ ಏಟ್ಕನ್, ಜೇಮ್ಸ್ ಜೆಫ್ರಿ ಎಂಬ ಇಬ್ಬರು ಡಾಕ್ಟರುಗಳು ಕಷ್ಟದ ಹೆರಿಗೆಗೆ, ಕೆಟ್ಟ ಎಲುಬು ತೆಗೆಯಲಿಕ್ಕೆ ಬಳಸಿದ ಕೈಗರಗಸದಲ್ಲಿ ಇದರ ಮೂಲ ಇದೆ. ಸಣ್ಣ ಸರಪಳಿ, ಅದಕ್ಕೆ ಹಲ್ಲು, ಎರಡೂ ತುದಿಗೆ ಹಿಡಿ. ಕಾಡಿಗೆ ಬಂದದ್ದು ಎಷ್ಟೋ ಆಮೇಲೆ. ಇನ್ನು ಇವತ್ತಿನ ಚೈನಿನ ಹಲ್ಲಿನ ಆಕಾರ ಕೊಟ್ಟದ್ದು ಒಂದು ಹುಳ. 1946ರಲ್ಲಿ ಅಮೆರಿಕದ ಜೋ ಕಾಕ್ಸ್ ಎಂಬಾತ ಮರ ಕೊರೆಯುವ ದುಂಬಿಯ ಮರಿಹುಳ ಎಡಕ್ಕೂ ಬಲಕ್ಕೂ ಕಚ್ಚುತ್ತಾ ಹೋಗುವುದನ್ನು ನೋಡಿ, ಅದರ ದವಡೆಯ ಹಾಗೆ ಚೈನ್ ಮಾಡಿದ. ಅರೇಬಿಕಾ ಕಾಫಿ ಬೆಳೆದು ಕಾಂಡ ಕೊರೆಯುವ ಬೋರರ್ ಹುಳಕ್ಕೆ ಗಿಡ ಕಳಕೊಂಡವರಿಗೆ ಇದನ್ನು ಕೇಳಿ ಎಂಥ ಸಂಕಟ ಆಗಬೇಕು ಹೇಳಿ. ನಾವು ಆ ಜಾತಿಯ ಹುಳ ಕಂಡರೆ ಗಿಡ ಕಿತ್ತು ಸುಡುತ್ತೇವೆ. ಆ ಮನುಷ್ಯ ಅದನ್ನು ನೋಡಿ ಕಂಪನಿ ಕಟ್ಟಿದ.

ಇರಲಿ. ಮೊದಲ ದಿನ ಚಾಪೆ ಕಟ್ಟಿಕೊಂಡು ಹೊರಟೆ. ಬೆಲ್ಟು ಹಿಂದೆ ಇರುವುದರಿಂದ ನಮಗೇ ಕಾಣುವುದಿಲ್ಲ. ಹೆಂಡತಿಯನ್ನು ಕರೆದು ಬಿಗಿಸಿಕೊಳ್ಳಬೇಕು. ಯಕ್ಷಗಾನದ ಚೌಕಿಯಲ್ಲಿ ವೇಷ ಕಟ್ಟಿದಷ್ಟು ಹೊತ್ತು ಹಿಡಿಯಿತು. ತೋಟಕ್ಕೆ ಇಳಿದರೆ ಕೆಲಸದವರೆಲ್ಲ ಕತ್ತಿ ನಿಲ್ಲಿಸಿ ನೋಡಿದರು. ಮೇಸ್ತ್ರಿಯಂತೂ "ಯಾವ ಮೇಳ ಗೌಡ್ರೆ? ಮುಂದೆ ರಾಜವೇಷ, ಹಿಂದೆ ಬಣ್ಣ ತೆಗೆದ ಹಾಗಿದೆ!" ಎಂದು ಕೂಗಿದರು. ಸಂಜೆಯೊಳಗೆ ಈ ಮಾತು ಅಂಗಡಿ ತಲುಪಿತು. ಮಾರನೇ ದಿನ ಹಾಲಿನ ಡೈರಿ. ಭಾನುವಾರ ಹೆಂಡತಿಯ ತವರಿನಿಂದ ಭಾವ ಫೋನ್ ಮಾಡಿ, "ಈ ಸಲ ಯಾವ ಪ್ರಸಂಗ?" ಅಂತ ವಿಚಾರಿಸಿದರು.

ನಗು ತಡಕೊಳ್ಳಬಹುದು, ಮಳೆ ಕಷ್ಟ. ನಾನು ಬುದ್ಧಿವಂತಿಕೆ ಮಾಡಿ ಚಾಪೆಯ ತುದಿಯನ್ನು ಗಂಬೂಟಿನ ಒಳಗೆ ತುರುಕಿದ್ದೆ. ಅದು ಬೂಟಿನ ಮೇಲೆ ಬರಬೇಕಂತೆ. ಒಳಗೆ ತುರುಕಿದರೆ ಸೊಂಟದಿಂದ ಕೆಳಗೆ ಬಿದ್ದ ಮಳೆಯೆಲ್ಲ ಸೂರಿನ ದೋಣಿಯಲ್ಲಿ ಇಳಿದ ಹಾಗೆ ನೆಟ್ಟಗೆ ಬೂಟಿಗೆ. ಅರ್ಧ ಗಂಟೆಯಲ್ಲಿ ಎರಡೂ ಕಾಲಿಗೆ ಒಂದೊಂದು ಕೊಡ ನೀರು. ಹೆಜ್ಜೆ ಇಟ್ಟರೆ ಗುಳುಂ ಗುಳುಂ. ಬಕ್ಕಲ್ಲುಗಳಿಗೆ ಕಾಫಿ ಗಿಡದ ಕೊಂಬೆ ಸಿಕ್ಕಿಕೊಂಡು ನಾನು ಎದುರಿಗೆ ಹೋದರೆ ಗಿಡವೂ ಜೊತೆಗೆ ಬರುತ್ತಿತ್ತು. ಇನ್ನು ಉಂಬಳ, ಅಂದರೆ ಜಿಗಣೆ. ಮುಂದೆ ಚೈನ್ ಸಾಗೂ ಬಗ್ಗದ ಕೋಟೆ, ಹಿಂದೆ ಬಾಗಿಲೇ ಇಲ್ಲದ ಅರಮನೆ. ಆ ಊರಿನ ಉಂಬಳಗಳಿಗೆಲ್ಲ ಸುದ್ದಿ ಹೋಗಿತ್ತು ಅನ್ನಿಸುತ್ತೆ. ರಾತ್ರಿ ಸ್ನಾನಕ್ಕೆ ಹೋದಾಗ ಬಲ ಮೊಣಕಾಲಿನ ಹಿಂದೆ ನಾಲ್ಕು, ಎಡಕ್ಕೆ ಮೂರು. ನಶ್ಯ, ಸುಣ್ಣ ಎಲ್ಲವನ್ನೂ ಎದುರುಗಡೆ ಮಾತ್ರ ಹಚ್ಚಿಕೊಂಡಿದ್ದೆ.

ಆದರೂ ಹಠಕ್ಕೆ ಬಿದ್ದು ಎರಡು ಮಳೆಗಾಲ ಕಟ್ಟಿದೆ. ಒಂದು ಮೂಟೆ ಕಾಫಿ, ನೆನಪಿರಲಿ. ಅಷ್ಟೂ ದಿನ ಅದರ ಮೇಲೆ ಒಂದು ಗೀರು ಬೀಳಲಿಲ್ಲ. ಒಳಗೊಳಗೇ ಸ್ವಲ್ಪ ನಷ್ಟ ಆದ ಹಾಗೆ ಅನಿಸುತ್ತಿತ್ತು. ಇನ್ಶೂರೆನ್ಸ್ ಕಟ್ಟಿದವನಿಗೆ ಒಮ್ಮೊಮ್ಮೆ ಅನಿಸುತ್ತಲ್ಲ, ಹಾಗೆ.

ಕೊನೆಗೆ ಅದು ಆದದ್ದು ತೋಟದಲ್ಲಿ ಅಲ್ಲ, ಮನೆಯ ಹಿಂದೆ. ಬಚ್ಚಲ ಒಲೆಗೆ ಹಲಸಿನ ಕೊಂಬೆ ತುಂಡು ಮಾಡುತ್ತಿದ್ದೆ. ಹತ್ತು ನಿಮಿಷದ ಕೆಲಸ. ಚಾಪೆ ಯಾಕೆ ಅಂದುಕೊಂಡು, ಬೆಳಗ್ಗೆ ಕಟ್ಟಿದ್ದನ್ನು ಬಿಚ್ಚಲು ಹೆಂಡತಿ ಸಿಗದೆ, ಹಾಗೇ ಇದ್ದೆ. ಅಷ್ಟರಲ್ಲಿ ಒಳಗಿನಿಂದ "ರೀ, ಕಾಫಿ ಆರ್ತಿದೆ" ಅಂದಳು. ಕೊಂಬೆಯ ಕೊನೆಯ ಎರಡು ಬೆರಳು ಬಾಕಿ. ಕತ್ತು ತಿರುಗಿಸಿ "ಬಂದೆ" ಅಂದೆ.

ಕೊಂಬೆ ತುಂಡಾಯಿತು. ಮಿಷನ್ ಕೆಳಗೆ ಬಂತು. ಎಡತೊಡೆಗೆ ಯಾರೋ ದಿಂಬಿನಲ್ಲಿ ಹೊಡೆದ ಹಾಗಾಯಿತು. 'ಗೊರ್ಕ್' ಅಂತ ಒಂದು ಶಬ್ದ, ಮಿಷನ್ ಬಂದ್.

ನೋಡಲೋ ಬೇಡವೋ ಅಂತ ಸ್ವಲ್ಪ ಹೊತ್ತು ಆಕಾಶ ನೋಡಿದೆ. ಆಮೇಲೆ ಕಣ್ಣು ಇಳಿಸಿದರೆ, ತೊಡೆಯಿಂದ ಬೆಳ್ಳಗಿನ ಎಳೆಗಳು ಹೊರಗೆ ಬಂದು ಮಿಷನ್ನಿನ ಒಳಗೆ ಹೋಗಿವೆ. ದೇವರಾಣೆ ಹೇಳುತ್ತೇನೆ, ಮೊದಲು ಅನಿಸಿದ್ದು 'ನರ' ಅಂತ. ಇಷ್ಟೊಂದು ನರ ಇದೆಯಾ ನನಗೆ? ರಕ್ತ ಯಾಕೆ ಇಲ್ಲ? ಕಳೆದ ವರ್ಷ ಡಾಕ್ಟರು ರಕ್ತ ಕಡಿಮೆ ಇದೆ ಅಂದದ್ದು ನೆನಪಾಯಿತು. ಇಷ್ಟು ಕಡಿಮೆಯಾ? ಹೆಂಡತಿ ಕಾಫಿ ಲೋಟ ಹಿಡಿದು ಬಂದವಳು ನೋಡಿ, ಲೋಟವನ್ನು ಕಲ್ಲಿನ ಮೇಲೆ ಇಟ್ಟು, ನನ್ನ ತೊಡೆಯನ್ನು ಮೆಲ್ಲಗೆ ಮುಟ್ಟಿ, "ನಿಮ್ದಲ್ಲ, ಚಾಪೇದು" ಅಂದಳು. ಆಮೇಲೆ ಅಲ್ಲೇ ಕೂತುಬಿಟ್ಟಳು. ನನ್ನ ಕಾಫಿಯನ್ನು ಅವಳೇ ಕುಡಿದಳು.

ಒಳಗಿನ ಪ್ಯಾಂಟಿಗೆ ಒಂದು ದಾರವೂ ಕಿತ್ತಿರಲಿಲ್ಲ. ಮಿಷನ್ನಿಗೆ ಮಾತ್ರ ಹೊಟ್ಟೆ ತುಂಬಿತ್ತು. ಕವರ್ ಬಿಚ್ಚಿ ಚಿಮಟದಲ್ಲಿ ಒಂದು ಗಂಟೆ ಎಳೆದೆ. ಆಗಲಿಲ್ಲ. ಕೊಪ್ಪಕ್ಕೆ ಹೊತ್ತುಕೊಂಡು ಹೋದರೆ ಮೆಕ್ಯಾನಿಕ್ ಬಗ್ಗಿ ನೋಡಿ, "ಎಂತ ಗೌಡ್ರೆ, ಯಾವ ಅಜ್ಜನ ಗಡ್ಡ ಬೋಳಿಸಿದ್ರಿ?" ಅಂದ.

ಒಮ್ಮೆ ಕೊಯ್ದ ಚಾಪೆಯನ್ನು ಮತ್ತೆ ಕಟ್ಟುವಂತಿಲ್ಲ. ಆ ಜಾಗದ ನೂಲು ಖರ್ಚಾಗಿರುತ್ತದೆ. ಹೊಲಿದರಂತೂ ಪದರಗಳೆಲ್ಲ ಒಂದಕ್ಕೊಂದು ಬಿಗಿದು ನೂಲು ಎಳೆದುಕೊಂಡು ಬರುವುದೇ ಇಲ್ಲ. ಇದನ್ನೆಲ್ಲ ಮನೆಯಲ್ಲಿ ಹೇಳಬೇಕು ಅಂತಿದ್ದೆ. ಕೊಪ್ಪದಿಂದ ವಾಪಸ್ ಬರುವಷ್ಟರಲ್ಲಿ ಅಮ್ಮ ಚಾಪೆಯನ್ನು ಕುದಿನೀರಿನಲ್ಲಿ ನೆನೆಸಿ, ಒಗೆಯುವ ಕಲ್ಲಿಗೆ ಬಡಿದು, ಒಲೆ ಮೇಲಿನ ಅಟ್ಟದಲ್ಲಿ ಒಣಗಿಸಿ, ತನ್ನ ಹಳೇ ಹೂವಿನ ಸೀರೆಯ ತುಂಡು ಇಟ್ಟು ಹೊಲಿಗೆ ಮಿಷನ್ನಿನಲ್ಲಿ ಚೌಕಕ್ಕೆ ಒತ್ತೊತ್ತಾಗಿ ಹೊಲಿದಿದ್ದಳು. ಲೇಬಲ್ಲಿನಲ್ಲಿ ಮಾಡಬಾರದು ಅಂತ ಬರೆದದ್ದರಲ್ಲಿ ಒಂದನ್ನೂ ಬಿಟ್ಟಿರಲಿಲ್ಲ. "ನಿನ್ನ ಕಾಲು ಉಳಿಸಿದ್ದನ್ನ ಹಾಗೇ ಹರಕು ಬಿಡ್ಲಿಕ್ಕಾಗ್ತದಾ?" ಎಂದಳು. ನಾನು ಬಾಯಿ ಮುಚ್ಚಿದೆ. ಈಗ ಅದು ಬಾಳೆತೋಟದಲ್ಲಿ ಮಂಗನ ಎದುರು ನೇತಾಡುತ್ತಿದೆ. ಪಿಕಳಾರಗಳು ಬಂದು ಹರಿದ ಅಂಚಿನಿಂದ ಬಿಳಿ ನೂಲು ಎಳೆದುಕೊಂಡು ಹೋಗುತ್ತವೆ, ಗೂಡಿಗೆ. ಮಂಗ ಹೆದರಿದ ಹಾಗಿಲ್ಲ.

ಹೊಸದಕ್ಕೆ ಆರ್ಡರ್ ಹಾಕಿದೆ. ಅಂಗಡಿಯವರು ಈ ಸಲ ಮುಟ್ಟಿ ಕೂಡ ನೋಡದೆ, "ಚಾಪೆ ಬಂತು ಗೌಡ್ರೆ" ಎಂದು ಫೋನ್ ಮಾಡಿದರು. ಅದನ್ನು ತರಲು ಹೋದ ಸಂಜೆ ಮೇಸ್ತ್ರಿ ಅಲ್ಲೇ ಬೆಂಚಿನ ಮೇಲೆ ಕೂತಿದ್ದರು. ಮಳೆ, ಅಡಿಕೆ, ಅವರಿವರ ಮನೆ ಮದುವೆ ಎಲ್ಲ ಮಾತಾಡಿದರು. ನಾನು ಹೊರಟ ಮೇಲೆ ಜೀಪಿನವರೆಗೂ ಬಂದು, ಆ ಕಡೆ ಈ ಕಡೆ ನೋಡಿ, "ಇದರಲ್ಲಿ ಹಿಂದೆನೂ ಬಟ್ಟೆ ಇರೋದು ಸಿಗ್ತದಾ?" ಎಂದು ಕೇಳಿದರು.

"ಸಿಗ್ತದೆ. ಸುತ್ತಲೂ ನೂಲು ಇರ್ತದೆ. ಸೆಕೆ ಸ್ವಲ್ಪ ಜಾಸ್ತಿ. ಎಂತಕ್ಕೆ ಮೇಸ್ತ್ರಿ, ಉಂಬಳಕ್ಕಾ?"

"ಉಂಬಳ ಬಿಡಿ. ಹಿಂದೆ ತೆರೆದಿದ್ರೆ ವೇಷದವರ ಹಾಗೆ ಕಾಣ್ತದೆ ಅಂತ ನಾನೇ ಊರಿಗೆಲ್ಲ ಹೇಳಿಟ್ಟಿದೇನಲ್ಲ."