ಮಾರುವ ಲೆಕ್ಕ ಬಿಡಿ, ವಾಚನ್ನು ತಿರುಗಿಸಿ ನೋಡಿ

ಹಾಸನ, ಸಕಲೇಶಪುರದ ಕಡೆ ಕಾಫಿಗೆ ಒಳ್ಳೆಯ ಬೆಲೆ ಬಂದ ಮೇಲೆ ಗೆಳೆಯರ ಬಳಗದಲ್ಲಿ ಡ್ರೆಸ್ ವಾಚುಗಳ, ಅಂದರೆ ಸಮಾರಂಭಕ್ಕೆ ಕಟ್ಟುವ ತೆಳುವಾದ ಸರಳ ವಾಚುಗಳ ಮಾತು ಜೋರಾಗಿದೆ. ಸ್ವಿಟ್ಜರ್ಲೆಂಡಿನ ಪಾಟೆಕ್ ಫಿಲಿಪ್ ತೆಗೆದುಕೊಳ್ಳಲೇ, ಜರ್ಮನಿಯ ಲಾಂಗೆ ತೆಗೆದುಕೊಳ್ಳಲೇ ಎಂದು ಕೇಳುತ್ತಾರೆ. ನಾನು ಬಾಯಿ ತೆರೆಯುವುದರೊಳಗೆ ಇನ್ನೊಂದು ಪ್ರಶ್ನೆ: ಮಾರಿದರೆ ಯಾವುದಕ್ಕೆ ಹೆಚ್ಚು ಸಿಗುತ್ತದೆ? ಈ ಎರಡನೆಯ ಪ್ರಶ್ನೆ ನನಗೆ ಹಿಡಿಸುವುದಿಲ್ಲ. ಮಾರುವುದಕ್ಕೇ ಕೊಳ್ಳುವವರು ನಿವೇಶನ ಕೊಳ್ಳಲಿ. ಜೀವಮಾನವಿಡೀ ಕೈಗೆ ಕಟ್ಟಿಕೊಳ್ಳುವ, ದಿನವೂ ಕೀ ಕೊಡುವ ವಸ್ತುವನ್ನು ಇನ್ನೊಬ್ಬರು ಎಷ್ಟು ಕೊಟ್ಟಾರು ಎಂಬ ಲೆಕ್ಕದಲ್ಲಿ ಆರಿಸುವುದು ಅದಕ್ಕೆ ಮಾಡುವ ಅವಮಾನ.

ಪಾಟೆಕ್‌ನ ಕಲಾತ್ರಾವಾ ಸರಣಿಯ ಬಗ್ಗೆ ನನಗೆ ಅಪಾರ ಗೌರವವಿದೆ. 1932ರಲ್ಲಿ ಬಂದ ಅದರ ಮೊದಲ ಮಾದರಿ, 96, ಇಂದಿಗೂ ದುಂಡು ಡ್ರೆಸ್ ವಾಚಿನ ಅಳತೆಗೋಲು. 2021ರಲ್ಲಿ ಬಂದ 6119 ಅದೇ ವಂಶದ ಕುಡಿ. 39 ಮಿ.ಮೀ. ಅಗಲ, ಅಂಚಿನ ಸುತ್ತ ಸಾಲಾಗಿ ಪುಟ್ಟ ಪಿರಮಿಡ್ಡುಗಳ ಕೆತ್ತನೆ, ಕೆಳಗಡೆ ಚಿಕ್ಕ ಸೆಕೆಂಡು ಮುಳ್ಳು. ಒಳಗಿನ ಯಂತ್ರದ ದಪ್ಪ 2.55 ಮಿ.ಮೀ. ಮಾತ್ರ, ಎರಡು ಸ್ಪ್ರಿಂಗ್ ಡಬ್ಬಿಗಳಿರುವುದರಿಂದ ಒಮ್ಮೆ ಕೀ ಕೊಟ್ಟರೆ 65 ಗಂಟೆ ಓಡುತ್ತದೆ. ಅದರಲ್ಲಿ ಕುಂದು ಹುಡುಕುವುದು ಸುಲಭವಲ್ಲ.

ಆದರೂ ನನ್ನ ಆಯ್ಕೆ ಲಾಂಗೆಯ ಸ್ಯಾಕ್ಸೋನಿಯಾ ಥಿನ್. ಮುಂದಿನಿಂದ ನೋಡಿದರೆ ಅದರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಬೆಳ್ಳಿಯ ಡಯಲ್, ಎರಡೇ ಮುಳ್ಳು. ಸೆಕೆಂಡಿನ ಮುಳ್ಳೂ ಇಲ್ಲ. ತಿರುಗಿಸಿ ಹಿಂಬದಿಯ ಗಾಜಿನೊಳಗೆ ನೋಡಿದರೆ ಮಾತು ನಿಂತುಹೋಗುತ್ತದೆ. ಯಂತ್ರದ ಮುಕ್ಕಾಲು ಭಾಗವನ್ನು ಮುಚ್ಚಿರುವ ಜರ್ಮನ್ ಸಿಲ್ವರ್ (ತಾಮ್ರ, ನಿಕ್ಕಲ್, ಸತುವಿನ ಮಿಶ್ರಲೋಹ) ತಗಡಿಗೆ ಯಾವ ಲೇಪವೂ ಇಲ್ಲ. ವರ್ಷ ಕಳೆದಂತೆ ಅದು ನಸುಹೊನ್ನಿನ ಬಣ್ಣಕ್ಕೆ ತಿರುಗುತ್ತದೆ. ಕೆಲಸಗಾರನ ಬೆರಳು ತಾಗಿದರೂ ಕಲೆ ಉಳಿಯುತ್ತದೆ. ಚಿನ್ನದ ಬಳೆಯೊಳಗೆ ಕೂರಿಸಿದ ಕೆಂಪು ಮಾಣಿಕ್ಯ, ಅದರ ಪಕ್ಕದಲ್ಲಿ ಕಾಯಿಸಿ ನೀಲಿಗೇರಿಸಿದ ತಿರುಪು. ಓಲಾಡುವ ಬ್ಯಾಲೆನ್ಸ್ ಚಕ್ರವನ್ನು ಹಿಡಿದಿರುವ ಪುಟ್ಟ ಸೇತುವೆಯ ಮೇಲೆ ಕೈಯಿಂದ ಕೊರೆದ ಹೂಬಳ್ಳಿ. ಲಾಂಗೆಯ ಕೆತ್ತನೆಗಾರರಲ್ಲಿ ಒಬ್ಬೊಬ್ಬರದೂ ಒಂದೊಂದು ಶೈಲಿ, ಹೂವನ್ನು ನೋಡಿಯೇ ಇದು ತಮ್ಮ ಕೈಕೆಲಸ ಎಂದು ಗುರುತಿಸುತ್ತಾರೆ.

ಬೇಲೂರಿನ ಕಡೆಯವರಾದ ನಮಗೆ ಇದು ಹೊಸದಲ್ಲ. ಚೆನ್ನಕೇಶವ ದೇವಾಲಯದ ಮದನಿಕೆಯರ ಪೀಠದಲ್ಲಿ ಬಳ್ಳಿಗಾವೆಯ ದಾಸೋಜನಂಥ ಶಿಲ್ಪಿಗಳ ಹೆಸರು ಇಂದಿಗೂ ಇದೆ. ತಾನು ಮಾಡಿದ ಕೆಲಸಕ್ಕೆ ತಾನೇ ಹೊಣೆ ಎಂದು ಹೇಳುವ ಆ ಧೈರ್ಯವನ್ನು ನಾನು ವಾಚಿನಲ್ಲೂ ಹುಡುಕುತ್ತೇನೆ.

ಲಾಂಗೆಯ ಚರಿತ್ರೆಯೂ ನನ್ನನ್ನು ಹಿಡಿದಿಟ್ಟಿದೆ. ಜರ್ಮನಿಯ ಪೂರ್ವಭಾಗದ ಗ್ಲಾಸ್‌ಹ್ಯೂಟೆ ಎಂಬ ಸಣ್ಣ ಊರಿನಲ್ಲಿ 1845ರಲ್ಲಿ ಹುಟ್ಟಿದ ಸಂಸ್ಥೆಯನ್ನು 1948ರಲ್ಲಿ ಸರ್ಕಾರ ಕಿತ್ತುಕೊಂಡಿತು, ಹೆಸರೇ ಅಳಿಸಿಹೋಯಿತು. ಬರ್ಲಿನ್ ಗೋಡೆ ಬಿದ್ದ ಮೇಲೆ, 1990ರಲ್ಲಿ, ಸ್ಥಾಪಕನ ಮರಿಮಗ ವಾಲ್ಟರ್ ಲಾಂಗೆ ಅದನ್ನು ಮತ್ತೆ ನೋಂದಾಯಿಸಿದರು. ಆಗ ಅವರಿಗೆ ಅರವತ್ತಾರು ವರ್ಷ. 1994ರಲ್ಲಿ ಹೊಸ ವಾಚುಗಳು ಹೊರಬಂದವು. ನಿವೃತ್ತಿಯ ವಯಸ್ಸಿನಲ್ಲಿ ಸೊನ್ನೆಯಿಂದ ಶುರುಮಾಡಿದ ಆ ಛಲಕ್ಕೆ ನಾನು ತಲೆಬಾಗುತ್ತೇನೆ.

ಇನ್ನೊಂದು ಸ್ವಿಸ್ ಕಂಪನಿ ವಾಶೆರಾನ್ ಕಾನ್ಸ್ಟಾಂಟಿನ್‌ನ ಪ್ಯಾಟ್ರಿಮನಿಯೂ ಚೆಲುವೆಯೇ, ಆದರೆ ಈ ಎರಡರ ಮುಂದೆ ನನ್ನ ಮನಸ್ಸನ್ನು ಸೆಳೆಯುವಷ್ಟಲ್ಲ. ಪಟ್ಟಿಯಿಂದ ಬಿಡಲಾಗದ್ದು ಸ್ವಿಟ್ಜರ್ಲೆಂಡಿನದೇ ಆದ ಜೇಜರ್-ಲಕುಲ್ಟ್ರ್‌ನ ರಿವರ್ಸೋ. ಭಾರತದಲ್ಲಿ ಪೋಲೊ ಆಡುತ್ತಿದ್ದ ಬ್ರಿಟಿಷ್ ಅಧಿಕಾರಿಗಳ ವಾಚಿನ ಗಾಜು ಒಡೆಯುತ್ತಿತ್ತು. ಅದನ್ನು ತಪ್ಪಿಸಲು ಹುಟ್ಟಿದ್ದು, ಮುಖವನ್ನೇ ಒಳಗೆ ತಿರುಗಿಸಿಕೊಳ್ಳುವ ಈ ಆಯತದ ವಾಚು. ಪೇಟೆಂಟ್ ಸಲ್ಲಿಸಿದ್ದು 1931ರಲ್ಲಿ. ಹಿಂಬದಿ ಬರಿಯ ಉಕ್ಕು, ಅಲ್ಲಿ ಮಗಳ ಹೆಸರು ಕೆತ್ತಿಸಬಹುದು. ಆಯತದ ಒಡಲಿಗೆ ಆಯತದ ಯಂತ್ರವನ್ನೇ ಕಟ್ಟಿದ್ದಾರೆ, ದುಂಡು ಯಂತ್ರವನ್ನು ತುರುಕಿಲ್ಲ. ನಮ್ಮ ಕಡೆ ಮದುವೆ ಮನೆಯಿಂದ ನೇರ ತೋಟಕ್ಕೆ ಹೋಗಬೇಕಾಗುವ ದಿನಗಳಿವೆ. ಅಂಥ ದಿನಕ್ಕೆ ಇದಕ್ಕಿಂತ ತಕ್ಕ ಡ್ರೆಸ್ ವಾಚು ಇಲ್ಲ.

ಮಲೆನಾಡಿನವರು ಇನ್ನೊಂದನ್ನು ಯೋಚಿಸಲೇಬೇಕು. ಈ ವಾಚುಗಳ ಮೊಸಳೆ ಚರ್ಮದ ಪಟ್ಟಿ ಆಷಾಢದ ಥಂಡಿಯಲ್ಲಿ ಬೀರುವಿನಲ್ಲಿಟ್ಟಲ್ಲೇ ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಪಟ್ಟಿ ಬಿಚ್ಚಿ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ಇಡಿ. ನೀರು ತಡೆಯುವ ಮಟ್ಟ ‘30 ಮೀಟರ್’ ಎಂದು ಬರೆದಿರುವುದನ್ನು ನಂಬಿ ಸಕಲೇಶಪುರದ ಮಳೆಗೆ ಕೈಯೊಡ್ಡಬೇಡಿ. ಅದು ನಾಲ್ಕು ಹನಿ ತಾಗಿದರೆ ತಡೆಯುವ ಭರವಸೆ, ಅಷ್ಟೆ.

ಹಣದ ವಿಚಾರ ಚುಟುಕಾಗಿ: ಹತ್ತು ಲಕ್ಷ ರೂಪಾಯಿ ದಾಟಿದ ವಾಚಿಗೆ 2025ರ ಏಪ್ರಿಲ್ 22ರಿಂದ ಅಂಗಡಿಯವರು ಶೇಕಡ 1ರಷ್ಟು ತೆರಿಗೆ ಸಂಗ್ರಹಿಸುತ್ತಾರೆ. ಆದಾಯ ತೆರಿಗೆ ವಿವರ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು, ರಸೀದಿ ಜೋಪಾನ.

ಅಳತೆಯಲ್ಲಿ ಮಾತ್ರ ರಾಜಿ ಬೇಡ. ತೆಳು ಮಣಿಕಟ್ಟಿನವರು ದೊಡ್ಡ ಡಯಲ್ ಕಟ್ಟಿಕೊಂಡರೆ ಅಂಗಿಯ ತೋಳು ಅದರ ಮೇಲೆ ಜಾರುವುದಿಲ್ಲ, ತಡೆದು ನಿಲ್ಲುತ್ತದೆ. ಸ್ಯಾಕ್ಸೋನಿಯಾ ಥಿನ್ 40 ಮಿ.ಮೀ.ನಲ್ಲೂ ಬಂದಿದೆ, 37ರಲ್ಲೂ ಬಂದಿದೆ. ನನಗೆ 37 ಸಾಕು, ಗುಲಾಬಿ ಚಿನ್ನದ್ದು. ಎರಡನೆಯ ಸ್ಥಾನ ರಿವರ್ಸೋಗೆ. ಮೂರನೆಯದು ಕಲಾತ್ರಾವಾ, ಅದಕ್ಕೆ ಇನ್ನೂ ಕೆಲವು ಕೊಯ್ಲು ಕಾಯುತ್ತೇನೆ.