ಬಿಸಿನೀರು ಬೇಡ, ಉಪ್ಪು ಹಾಕಿ

2022ರ ಡಿಸೆಂಬರ್. ಅಮ್ಮ ಸಾಗರದಿಂದ ನಮ್ಮ ಮನೆಗೆ ಬಂದು ಮೂರು ವಾರ ಆಗಿತ್ತು. ನಾವಿರುವುದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ, ಬಾಗಿಲು ತೆಗೆದರೆ ಕಾಲು ನೇರ ಫುಟ್‌ಪಾತ್ ಮೇಲೇ ಇಡಬೇಕಾದಂಥ ಸಾಲುಮನೆಯಲ್ಲಿ. ಬೆಳಿಗ್ಗೆ ಏಳು ಗಂಟೆ, ಹೊರಗೆ ಇನ್ನೂ ಕತ್ತಲೆ. ಅಮ್ಮ ಸ್ನಾನ ಮುಗಿಸಿ, ಬಕೆಟ್ ತುಂಬ ಬಿಸಿನೀರು ತಗೊಂಡು ಹೋಗಿ ಬಾಗಿಲ ಮುಂದೆ ಚೆಲ್ಲಿ, ಗುಡಿಸಿ, ಪುಟ್ಟದೊಂದು ರಂಗೋಲಿ ಹಾಕಿ ಬಂದರು. ಊರಲ್ಲಿ ಐವತ್ತು ವರ್ಷ ಮಾಡಿದ ಕೆಲಸ. ಚಳಿ ಅಂತ ನೀರು ಬಿಸಿ ಮಾಡಿಕೊಂಡಿದ್ದರು, ಅಷ್ಟೇ.

ಅರ್ಧ ಗಂಟೆಯಲ್ಲಿ ಆ ನೀರೆಲ್ಲ ಗಾಜಿನ ಹಾಗೆ ಹೆಪ್ಪುಗಟ್ಟಿತು. ರಂಗೋಲಿಯ ಗೆರೆ ಗಾಜಿನೊಳಗೆ ಸಿಕ್ಕಿಕೊಂಡ ಹಾಗೆ ಕಾಣುತ್ತಿತ್ತು. ಕಾಗದ ಕೊಡಲು ಬಂದ ಪೋಸ್ಟ್‌ಮ್ಯಾನ್ ಅದರ ಮೇಲೆ ಕಾಲಿಟ್ಟು ಜಾರಿ ಬಿದ್ದರು. ಮೊಣಕೈ ಊರಿದ್ದರಿಂದ ತಲೆಗೆ ಪೆಟ್ಟಾಗಲಿಲ್ಲ. ಕಾಗದಗಳು ಬೀದಿ ತುಂಬ ಚೆಲ್ಲಿದವು. ಅವರು ಎದ್ದು, ಪರವಾಗಿಲ್ಲ ಅಂತ ಹೇಳಿ ಮುಂದೆ ಹೋದರು. ಅಮ್ಮ ಮಾತ್ರ ಸಂಜೆಯವರೆಗೂ ಸುಧಾರಿಸಿಕೊಳ್ಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಕೇಳಿದರು, "ಅಲ್ಲವೇ, ಊರಲ್ಲಿ ಅಂಗಳ ಪಾಚಿ ಕಟ್ಟಿದರೆ ನಾವು ಅಡಿಕೆ ಸೋಗೆ ಹಾಸ್ತೇವೆ. ಇಲ್ಲಿ ಏನು ಹಾಸ್ತಾರೆ?"

ಈ ದೇಶದಲ್ಲಿ ಅಷ್ಟು ವರ್ಷ ಇದ್ದೂ ನಾನು ಆ ಪ್ರಶ್ನೆ ಕೇಳಿಕೊಂಡಿರಲಿಲ್ಲ.

ಇಲ್ಲಿ ಹಾಸುವುದು ಐಸ್ ಕರಗಿಸುವ ಉಪ್ಪು. ಅಡಿಗೆ ಮನೆಯ ಬಿಳಿ ಉಪ್ಪಲ್ಲ, ಕಂದು ಬಣ್ಣದ ಕಲ್ಲುಪ್ಪು. ಇಲ್ಲಿಯವರು ಗ್ರಿಟ್ ಅನ್ನುತ್ತಾರೆ. ಬಹಳಷ್ಟು ಬರುವುದು ಚೆಷೈರ್‌ನ ವಿನ್ಸ್‌ಫರ್ಡ್ ಗಣಿಯಿಂದ. ಮಣ್ಣು ಬೆರೆತಿರುವುದರಿಂದ ಆ ಬಣ್ಣ. ಬೀದಿ ಮೂಲೆಯಲ್ಲಿ, ಏರು ಶುರುವಾಗುವ ಕಡೆ ಪ್ಲಾಸ್ಟಿಕ್ ಪೆಟ್ಟಿಗೆ ಇಟ್ಟಿರುತ್ತಾರಲ್ಲ, ಅದರ ತುಂಬ ಇರುವುದು ಇದೇ. ನಾನು ಎಷ್ಟೋ ವರ್ಷ ಅದನ್ನು ಕಸದ ಡಬ್ಬಿ ಅಂತ ತಿಳಿದು ದಾಟಿ ಹೋಗಿದ್ದೇನೆ. ಅದರ ಉಪ್ಪನ್ನು ಯಾರು ಬೇಕಾದರೂ ತೆಗೆದು ರಸ್ತೆಗೆ, ಫುಟ್‌ಪಾತಿಗೆ ಹಾಕಬಹುದು. ಸ್ವಂತ ಮನೆ ಕಾಂಪೌಂಡಿಗೆ, ಕಾರು ನಿಲ್ಲಿಸುವ ಜಾಗಕ್ಕೆ ಹಾಕುವ ಹಾಗಿಲ್ಲ.

ಆ ಸಲ ಚಳಿ ಹತ್ತು ದಿನ ಬಿಡಲೇ ಇಲ್ಲ. ಎದುರು ಮನೆಯಲ್ಲಿ ಎಂಬತ್ತು ದಾಟಿದ ಒಬ್ಬರು ಅಜ್ಜಿ ಒಂಟಿಯಾಗಿ ಇದ್ದಾರೆ. ದಿನಾ ಹತ್ತು ಗಂಟೆಗೆ ಚೀಲ ಹಿಡಿದು ಮೂಲೆ ಅಂಗಡಿಗೆ ಹೋಗಿ ಹಾಲು, ಪೇಪರ್ ತರುತ್ತಿದ್ದರು. ಎಂಟು ದಿನ ಅವರು ಕಾಣಲೇ ಇಲ್ಲ. ಅಮ್ಮನೇ ಗಮನಿಸಿದ್ದು. ಬಾಗಿಲು ತಟ್ಟಿದರೆ ಕೋಟು ಹಾಕಿಕೊಂಡೇ ಬಂದು ತೆಗೆದರು. ಬೆಳಿಗ್ಗೆ ಹೊರಡಬೇಕು ಅಂತ ಕೋಟು ಹಾಕುವುದು, ಕಿಟಕಿಯಿಂದ ಫುಟ್‌ಪಾತ್ ನೋಡುವುದು, ಧೈರ್ಯ ಸಾಲದೆ ಕೂತುಬಿಡುವುದು. ಹಾಲು ಮುಗಿದು ನಾಲ್ಕು ದಿನ ಆಗಿತ್ತು. ಬರೀ ಟೀ ಕುಡಿಯುತ್ತಿದ್ದರು.

ನಾನು ಇದನ್ನು ಬರೆಯುತ್ತಿರುವುದು ಅವರಿಗಾಗಿ. ಬಿದ್ದು ಸೊಂಟ ಮುರಿದುಕೊಂಡವರ ವಿಷಯ ನಮಗೆ ಗೊತ್ತಾಗುತ್ತದೆ, ಆಂಬ್ಯುಲೆನ್ಸ್ ಬರುತ್ತದೆ. ಬೀಳುವ ಭಯಕ್ಕೆ ಒಳಗೇ ಕೂತವರ ವಿಷಯ ಯಾರಿಗೂ ಗೊತ್ತಾಗುವುದಿಲ್ಲ. ಶೆಫೀಲ್ಡ್ ನೋಡಿದವರಿಗೆ ಗೊತ್ತು, ಇಲ್ಲಿ ಸಮತಟ್ಟು ಬೀದಿಗಳೇ ಕಡಿಮೆ. ಬ್ಲೇಕ್ ಸ್ಟ್ರೀಟ್ ಎಷ್ಟು ಕಡಿದು ಅಂದರೆ, ಫುಟ್‌ಪಾತ್ ಪಕ್ಕ ಹಿಡಿದು ಹತ್ತಲು ಕಂಬಿ ಹಾಕಿದ್ದಾರೆ. ಇಂಥ ಊರಲ್ಲಿ ಒಂದು ಅಂಗುಲವೂ ಬೇಡ, ಕಣ್ಣಿಗೆ ಕಾಣದಷ್ಟು ತೆಳುವಾದ ಐಸ್ ಸಾಕು. ಬ್ಲ್ಯಾಕ್ ಐಸ್ ಅನ್ನುತ್ತಾರಲ್ಲ, ಅದು ಕಪ್ಪಗೇನೂ ಇರುವುದಿಲ್ಲ. ತೆಳುವಾಗಿ ತಿಳಿಯಾಗಿರುವುದರಿಂದ ಕೆಳಗಿನ ಡಾಂಬರೇ ಕಾಣುತ್ತದೆ. ಒದ್ದೆ ನೆಲ ಅಂದುಕೊಂಡು ಕಾಲಿಡುತ್ತೇವೆ.

ಕೌನ್ಸಿಲ್, ಅಂದರೆ ಇಲ್ಲಿನ ನಗರಸಭೆ, ಉಪ್ಪು ಹಾಕಲಿ ಅಂತ ನಮ್ಮ ಕನ್ನಡದ ವಾಟ್ಸಾಪ್ ಗುಂಪಿನಲ್ಲಿ ಪ್ರತಿ ಚಳಿಗಾಲ ಒಬ್ಬರಾದರೂ ಬರೆಯುತ್ತಾರೆ. ಕೌನ್ಸಿಲಿನವರು ಹಾಕುತ್ತಾರೆ. ಉಪ್ಪಿನ ಲಾರಿ ಮೊದಲು ಮುಖ್ಯ ರಸ್ತೆಗೆ, ಬಸ್ ಓಡಾಡುವ ದಾರಿಗೆ ಹೋಗುತ್ತದೆ. ಆಂಬ್ಯುಲೆನ್ಸ್ ಓಡಬೇಕಲ್ಲ, ಅದು ಸರಿಯೇ. ಆದರೆ ಊರಿನ ಎಲ್ಲ ಒಳಬೀದಿಗಳ ಫುಟ್‌ಪಾತಿಗೂ ಬೆಳಗಾಗುವುದರೊಳಗೆ ಉಪ್ಪು ಹಾಕುವಷ್ಟು ಜನ ಯಾವ ಕೌನ್ಸಿಲ್ ಹತ್ತಿರವೂ ಇಲ್ಲ. ಅದಕ್ಕೇ ಇಂಗ್ಲೆಂಡಿನ ಎಷ್ಟೋ ಕೌನ್ಸಿಲ್‌ಗಳು ಸ್ನೋ ವಾರ್ಡನ್ ಅಂತ ಸ್ವಯಂಸೇವಕರನ್ನು ಸೇರಿಸಿಕೊಳ್ಳುತ್ತವೆ. ಹೆಸರು ಕೊಟ್ಟವರಿಗೆ ಸಾಮಾನ್ಯವಾಗಿ ಸಲಿಕೆ, ಉಪ್ಪು, ಹೊಳೆಯುವ ಜಾಕೆಟ್ ಕೊಡುತ್ತಾರೆ.

ಇನ್ನೊಂದು ಮಾತು ಜಾಸ್ತಿ ಕೇಳಿ ಬರುತ್ತದೆ. ನಾವು ಹಿಮ ಬಳಿದು ತೆಗೆದ ಜಾಗದಲ್ಲಿ ಯಾರಾದರೂ ಬಿದ್ದರೆ ನಮ್ಮ ಮೇಲೆ ಕೇಸು ಹಾಕಿದರೆ? ಸುಮ್ನೆ ಯಾಕೆ ತಲೆನೋವು? ಈ ಭಯ ನನಗೂ ಇತ್ತು. ಓದಿ ನೋಡಿದೆ. 2010ರಲ್ಲೇ ಇಲ್ಲಿನ ಸರ್ಕಾರ ಇದಕ್ಕೆ ಸ್ಪಷ್ಟ ಸಲಹೆ ಕೊಟ್ಟಿದೆ. ಜಾಗರೂಕತೆಯಿಂದ ಬಳಿದಿದ್ದರೆ ನಿಮ್ಮ ಮೇಲೆ ಕೇಸು ಬೀಳುವ ಸಂಭವ ಕಡಿಮೆ. ನಡೆಯುವವರೂ ನೋಡಿಕೊಂಡು ನಡೆಯಬೇಕು ಅಂತಲೂ ಅದರಲ್ಲೇ ಇದೆ. ಅಮೆರಿಕದ ಶಿಕಾಗೋ, ಬಾಸ್ಟನ್‌ನಲ್ಲಿರುವ ನಮ್ಮವರಿಗೆ ಈ ಗೊಂದಲವೇ ಇಲ್ಲ. ಅಲ್ಲಿ ಮನೆ ಮುಂದಿನ ಫುಟ್‌ಪಾತಿನ ಹಿಮ ಬಳಿಯುವುದು ಮನೆಯವರ ಜವಾಬ್ದಾರಿ ಅಂತ ಊರಿನ ಕಾನೂನೇ ಇದೆ. ಶಿಕಾಗೋದಲ್ಲಿ ಐದಡಿ ಅಗಲ ದಾರಿ ಬಿಡಿಸಬೇಕು. ಬಾಸ್ಟನ್‌ನಲ್ಲಿ ಹಿಮ ಬೀಳುವುದು ನಿಂತ ಮೂರು ಗಂಟೆಯೊಳಗೆ, ರಾತ್ರಿ ಬಿದ್ದರೆ ಸೂರ್ಯ ಹುಟ್ಟಿ ಮೂರು ಗಂಟೆಯೊಳಗೆ. ಇಲ್ಲಿ ಅಂಥ ಕಾನೂನಿಲ್ಲ. ಹಾಗಾಗಿ ಮನಸ್ಸಿದ್ದವರೇ ಮಾಡಬೇಕು.

ಕೆಲಸ ಕಷ್ಟದ್ದಲ್ಲ, ಆದರೆ ಹೊತ್ತು ನೋಡಿ ಮಾಡಬೇಕು. ಹಿಮ ಬಿದ್ದ ಕೂಡಲೇ ಹೋದರೆ ಹತ್ತಿ ತಳ್ಳಿದ ಹಾಗೆ ಹೋಗುತ್ತದೆ. ಹತ್ತು ಜನ ತುಳಿದ ಮೇಲೆ ಅದೇ ಹಿಮ ಕಲ್ಲಾಗಿಬಿಡುತ್ತದೆ, ಸಲಿಕೆಗೂ ಬಗ್ಗುವುದಿಲ್ಲ. ಮೊದಲು ನಡುವೆ ಒಂದು ದಾರಿ ಮಾಡಿ ಅದರ ಮೇಲೆ ನಿಂತು ಎರಡೂ ಬದಿ ಬಳಿಯಬೇಕು. ತೆಗೆದ ಹಿಮ ಚರಂಡಿ ಬಾಯಿಗೆ ಅಡ್ಡ ಬರಬಾರದು. ಉಪ್ಪು ಸುರಿಯಬೇಕಾಗಿಲ್ಲ. ಒಂದು ಚದರ ಮೀಟರಿಗೆ ಒಂದು ದೊಡ್ಡ ಚಮಚ ಸಾಕು. ನಾನು ಮೊದಮೊದಲು ಹಿಡಿಹಿಡಿಯಾಗಿ ಎರಚಿದ್ದೆ. ಗಿಡದ ಬುಡಕ್ಕೆ, ನಾಯಿಗಳ ಪಾದಕ್ಕೆ ಅದು ಒಳ್ಳೆಯದಲ್ಲ. ಸೊನ್ನೆಗಿಂತ ಎಂಟು ಹತ್ತು ಡಿಗ್ರಿ ಕೆಳಗೆ ಹೋದರೆ ಉಪ್ಪು ಸರಿಯಾಗಿ ಕೆಲಸ ಮಾಡುವುದಿಲ್ಲ, ಆಗ ಮರಳು ಹಾಕಿದರೆ ಕಾಲಿಗೆ ಹಿಡಿತವಾದರೂ ಸಿಗುತ್ತದೆ. ಮುಖ್ಯವಾದದ್ದು ಸಂಜೆಯ ಸುತ್ತು. ಹಗಲು ಬಿಸಿಲಿಗೆ ಕರಗಿದ ನೀರು ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ಮಲಗುವ ಮುಂಚೆ ಉಪ್ಪು ಬಿದ್ದಿದ್ದರೆ ಬೆಳಿಗ್ಗೆ ಶಾಲೆಗೆ ಹೋಗುವ ಮಕ್ಕಳಿಗೆ ದಾರಿ ಇರುತ್ತದೆ.

ಅವತ್ತು ನಾನೂ ಅಮ್ಮನೂ ಸೇರಿ ಅಜ್ಜಿ ಮನೆಯಿಂದ ಮೂಲೆ ಅಂಗಡಿವರೆಗೆ ಉಪ್ಪು ಹಾಕಿದೆವು. ಅರವತ್ತು ಹೆಜ್ಜೆ ದೂರ ಇರಬಹುದು. ಅಮ್ಮ ಸೀರೆ ಮೇಲೆ ನನ್ನ ಗಂಡನ ಜಾಕೆಟ್ ಹಾಕಿಕೊಂಡು, ಬಕೆಟ್‌ನಿಂದ ಉಪ್ಪು ತೆಗೆದು, ಗದ್ದೆಗೆ ಬೀಜ ಎರಚುವ ಹಾಗೆ ಒಂದೇ ಸಮನೆ ಎರಚುತ್ತ ಹೋದರು. ನನಗಿಂತ ಚೆನ್ನಾಗಿ. ಮಾರನೇ ದಿನ ಹತ್ತು ಗಂಟೆಗೆ ಅಜ್ಜಿ ಚೀಲ ಹಿಡಿದು ಹೊರಗೆ ಬಂದರು. ನಮ್ಮ ಬಾಗಿಲ ಮುಂದೆ ನಿಂತು ಅಮ್ಮನ ಕೈ ಹಿಡಿದುಕೊಂಡರು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುವುದಿಲ್ಲ. ತುಂಬ ಹೊತ್ತು ನಿಂತಿದ್ದರು.

ಈಗ ನಮ್ಮ ಬೀದಿಯಲ್ಲಿ ಐದು ಮನೆಯವರು ಸರದಿ ಹಾಕಿಕೊಂಡಿದ್ದೇವೆ. ಇವತ್ತು ಸಂಜೆ ಮಳೆ ಬಂದು ನಿಂತಿದೆ, ಆಕಾಶ ತಿಳಿಯಾಗಿದೆ, ರಾತ್ರಿ ಮೈನಸ್ ಮೂರು ಅಂತ ಮುನ್ಸೂಚನೆ. ಸರದಿ ನಮ್ಮದು. ಬೂಟು ಬಾಗಿಲ ಹತ್ತಿರ ಇಟ್ಟಿದ್ದೇನೆ. ಶೆಫೀಲ್ಡ್ ಸುತ್ತಮುತ್ತ ಇರುವ ಯಾರಾದರೂ ನಿಮ್ಮ ಬೀದಿಯಲ್ಲಿ ಶುರು ಮಾಡುವುದಿದ್ದರೆ ಮೆಸೇಜ್ ಮಾಡಿ. ನನ್ನ ಹತ್ತಿರ ಒಂದು ಸಲಿಕೆ ಜಾಸ್ತಿ ಇದೆ, ತಂದು ಕೊಡುತ್ತೇನೆ.